ನಾಕೂ ಗಾಲಿ ಎಳಿಯೋ ಸೆಡಾನ್: ಕ್ವಾಟ್ರೋ, ಎಕ್ಸ್‌ಡ್ರೈವ್, ಫೋರ್‌ಮ್ಯಾಟಿಕ್ ಅಂದ್ರ ಒಳಗ ಏನದ?

ಹೋದ ತಿಂಗಳು ನಮ್ಮ ಸೋದರಮಾವ ಹೈದ್ರಾಬಾದಿಗೆ ಹೋಗಿ ಒಂದು ಸೆಕೆಂಡ್ ಹ್ಯಾಂಡ್ ಆಡಿ ಎ6 ನೋಡಿ ಬಂದಾರ. ಹತ್ತು ವರ್ಷದ ಮ್ಯಾಲಿನ ಗಾಡಿ, ಮೂರು ಲೀಟರ್ ಡೀಸೆಲ್ ಎಂಜಿನ್, ಡಿಕ್ಕಿ ಮ್ಯಾಲ ಸಣ್ಣಗ ಕ್ವಾಟ್ರೋ ಅಂತ ಬರ್ದದ. ಅಲ್ಲಿದ್ದ ಡೀಲರ್ ಹುಡುಗ "ಸರ್ ಇದು ಫೋರ್ ವೀಲ್ ಡ್ರೈವ್, ಎಲ್ಲಿ ಬೇಕಾದ್ರೂ ಹೋಗ್ತದ" ಅಂದನಂತ. ಮಾವಂದು ಜೇವರ್ಗಿ ಕಡಿ ತೊಗರಿ ಹೊಲ, ಪೂರಾ ಎರಿ ಭೂಮಿ. ಅವ್ರು ಮನಿಗೆ ಬಂದು ಚಹಾ ಕುಡ್ಯೋದ್ರಾಗ ನನಗ ಮೂರು ಮಾತು ಕೇಳಿದ್ರು: ಇದು ಮಳಿಗಾಲದಾಗ ಹೊಲಕ್ಕ ಹೋಗ್ತದೇನು, ಇಷ್ಟ ದೊಡ್ಡ ಬ್ಯಾರೆ ಕಾರಿಗೂ ಇದಕ್ಕೂ ಓಡ್ಸೋದ್ರಾಗ ಏನು ಫರಕ್, ಮತ್ತ ಹೆಚ್ಚಿಗಿ ಖರ್ಚು ಏನೇನು ಬರ್ತದ.

ಈಗ ನಮ್ಮ ಕಲಬುರಗಿ, ಬೀದರ್ ಕಡಿ ಇಂಥಾ ಗಾಡಿ ತರೋರು ಹೆಚ್ಚಾಗ್ಯಾರ, ಹೈದ್ರಾಬಾದ್ ಇಲ್ಲಿಂದ ಸುಮಾರು 220 ಕಿ.ಮೀ. ಅಷ್ಟ, ಬೆಳಿಗ್ಗೆ ಹೋಗಿ ಸಂಜಿಗೆ ಗಾಡಿ ತಂದು ಮನಿ ಮುಂದ ನಿಲ್ಲಿಸಬಹುದು. ಆದ್ರ ಒಳಗ ಏನದ ಅಂತ ಗೊತ್ತಿಲ್ದೇ ತಂದ್ರ ಆಮ್ಯಾಲ ತ್ರಾಸ ಆಗ್ತದ. ನಾ ಡಿಪ್ಲೊಮಾದಾಗ ಆಟೋಮೊಬೈಲ್ ಓದೀನಿ, ಹಂಗಾಗಿ ಮಾವಗ ಹೇಳಿದ್ದನ್ನ ಇಲ್ಲಿ ಬುಡದಿಂದ ಬರೀತೀನಿ.

ಮೊದಲ ಹೆಸರಿನ ಗೊಂದಲ

ಎಕ್ಸಿಕ್ಯೂಟಿವ್ ಸೆಡಾನ್ ಅಂದ್ರ ಆಡಿ ಎ6, ಬಿಎಂಡಬ್ಲ್ಯೂ 5 ಸೀರೀಸ್, ಮರ್ಸಿಡೀಸ್ ಇ ಕ್ಲಾಸ್, ಈ ಸೈಜಿನ ಗಾಡಿ. ಸುಮಾರು 5 ಮೀಟರ್ ಉದ್ದ, 1,700 ರಿಂದ 1,900 ಕೆ.ಜಿ. ತೂಕ, ಹಿಂದ ಕುಂತವ್ರಿಗೂ ಆರಾಮ, ಓಡ್ಸೋರಿಗೂ ಖುಷಿ ಆಗ್ಬೇಕು ಅಂತ ಮಾಡಿದ್ದು. ಎಂಜಿನ್ ಹುಟ್ಟಿಸಿದ ಬಲ ಕೆಲವು ಗಾಡ್ಯಾಗ ಮುಂದಿನ ಎರಡು ಗಾಲಿಗೆ ಹೋಗ್ತದ, ಕೆಲವ್ರಾಗ ಹಿಂದಿನ ಎರಡಕ್ಕ. ನಾಕಕ್ಕೂ ಹೋದ್ರ ಅದು ಆಲ್ ವೀಲ್ ಡ್ರೈವ್. ಆಡಿಯವ್ರು ಅದಕ್ಕ ಕ್ವಾಟ್ರೋ ಅಂತಾರ, ಇಟಲಿ ಭಾಷ್ಯಾಗ ನಾಕು ಅಂತ ಅರ್ಥ. ಬಿಎಂಡಬ್ಲ್ಯೂದವ್ರು ಎಕ್ಸ್‌ಡ್ರೈವ್, ಮರ್ಸಿಡೀಸ್‌ದವ್ರು ಫೋರ್‌ಮ್ಯಾಟಿಕ್ ಅಂತಾರ.

ಜೀಪ್, ಥಾರ್‌ನ್ಯಾಗ ಇರೋ ಫೋರ್ ಬೈ ಫೋರ್ ಬ್ಯಾರೆ. ಅದ್ರಾಗ ಒಂದು ಲಿವರ್ ಇರ್ತದ, ಕೆಸರು ಬಂದಾಗ ಹಾಕೋದು, ಟಾರ್ ರೋಡಿಗೆ ಬಂದ್ ಮ್ಯಾಲ ತೆಗಿಯೋದು, ಮ್ಯಾಲ ನಿಧಾನ ಆದ್ರ ಭಾಳ ಬಲದಿಂದ ಎಳಿಯೋ ಲೋ ಗಿಯರ್ ಬ್ಯಾರೆ ಇರ್ತದ. ಸೆಡಾನ್‌ನ್ಯಾಗ ಲಿವರೂ ಇಲ್ಲ, ಲೋ ಗಿಯರೂ ಇಲ್ಲ, ಒಣಾ ಟಾರ್ ರೋಡಿನ ಮ್ಯಾಲೂ ತನ್ನಷ್ಟಕ್ಕ ತಾನ ಕೆಲಸ ಮಾಡ್ತದ. ಇದನ್ನ ಮಾಡಿದ್ದ ರೋಡಿನ ಸಲುವಾಗಿ.

ಹಂತಿ ಎತ್ತು ಮತ್ತ ಡಿಫರೆನ್ಶಿಯಲ್

ಈ ಒಂದು ಪಾರ್ಟ್ ತಿಳೀತಂದ್ರ ಮುಂದಿಂದೆಲ್ಲ ಹಗುರ, ಅದಕ್ಕ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ.

ಮಷಿನ್ ಬರೋಕಿಂತ ಮೊದಲ ಕಣದಾಗ ರಾಶಿ ಮಾಡೋ ಮುಂದ ನಡುವಿನ ಮೇಟಿ ಕಂಬಕ್ಕ ನಾಕೈದು ಎತ್ತು ಸಾಲಾಗಿ ಕಟ್ಟಿ ಹಂತಿ ಹೊಡಿತಿದ್ರು, ಹಿರೇರಿಗೆ ನೆನಪಿರ್ತದ. ಮೇಟಿ ಹತ್ರ ಇರೋ ಎತ್ತು ನಿಂತಲ್ಲೇ ಸಣ್ಣ ಹೆಜ್ಜಿ ಹಾಕ್ತಾ ತಿರುಗ್ತದ, ಹೊರಗಿನ ತುದಿ ಎತ್ತು ಮಾತ್ರ ಓಡಬೇಕು, ಯಾಕಂದ್ರ ಅದರ ಸುತ್ತು ದೊಡ್ಡದು. ಒಳಗಿನ ಎತ್ತಿಗೂ ಹೊರಗಿನಷ್ಟೇ ಜೋರು ನಡಿ ಅಂದ್ರ ಏನಾಗ್ತದ? ಮೇಟಿಗೆ ಗುದ್ತದ, ಇಲ್ಲಾ ಹಗ್ಗ ಹರೀತದ.

ಕಾರು ನಮ್ಮ ಕಲಬುರಗಿ ಜಗತ್ ಸರ್ಕಲ್ ಸುತ್ತಿ ಹೊಳ್ಳುವಾಗ್ಲೂ ಹಿಂಗೇ, ಒಳಗಿನ ಗಾಲಿ ಕಡಿಮಿ ಸುತ್ತಬೇಕು, ಹೊರಗಿನದು ಹೆಚ್ಚು ಸುತ್ತಬೇಕು. ಎರಡಕ್ಕೂ ಒಂದೇ ಕಬ್ಬಿಣದ ರಾಡ್ ಜೋಡಿಸಿದ್ರ ಟೈರ್ ರೋಡಿಗೆ ತಿಕ್ಕಿ ತಿಕ್ಕಿ ಸವೀತದ, ಗಾಡಿ ಸೀದಾ ಹೋಗ್ಲಾಕ ನೋಡ್ತದ. ಅದಕ್ಕ ನಡುವ ಹಲ್ಲಿನ ಗಿಯರ್ ನಾಕು ಇರೋ ಒಂದು ಗುಂಡನ್ನ ಪೆಟ್ಟಿಗಿ ಹಾಕ್ತಾರ, ಅದೇ ಡಿಫರೆನ್ಶಿಯಲ್. ಬಲಾನೂ ಕೊಡ್ತದ, ಬ್ಯಾರೆ ಬ್ಯಾರೆ ಸ್ಪೀಡಿಗೆ ತಿರುಗ್ಲಿಕ್ಕೂ ಬಿಡ್ತದ. ನಮ್ಮ ಲಾರಿ ಹಿಂದ ಕೆಳಗ ಬಗ್ಗಿ ನೋಡಿದ್ರ ಕುಂಬಳಕಾಯಿ ಹಂಗ ಕಾಣೋದು ಇದರ ಮನಿ.

ನಾಕೂ ಗಾಲಿ ಎಳಿಯೋ ಗಾಡ್ಯಾಗ ಇಂಥಾವು ಮೂರು ಬೇಕಾಗ್ತಾವ. ಮುಂದಿನ ಜೋಡಿ ನಡುವ ಒಂದು, ಹಿಂದಿನ ಜೋಡಿ ನಡುವ ಒಂದು, ಮತ್ತ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವ ಒಂದು. ಯಾಕಂದ್ರ ತಿರುವಿನ್ಯಾಗ ಮುಂದಿನ ಗಾಲಿ ಹಿಂದಿನದಕ್ಕಿಂತ ದೊಡ್ಡ ಸುತ್ತು ಹಾಕ್ತಾವ, ಮಳೆ ಬಂದ ದಿನ ಹಸಿ ಮಣ್ಣಿನ್ಯಾಗ ಕಾರು ತಿರುಗ್ಸಿ ಇಳಿದು ಗುರುತು ನೋಡ್ರಿ, ನಾಕು ಗೆರಿ ಬ್ಯಾರೆ ಬ್ಯಾರೆ ಕಾಣ್ತಾವ. ಈ ನಡುವಿಂದೇ ಸೆಂಟರ್ ಡಿಫರೆನ್ಶಿಯಲ್, ಕ್ವಾಟ್ರೋ ಗೀಟ್ರೋ ಅನ್ನೋ ಹೆಸರಿನ ಫರಕ್ ಎಲ್ಲಾ ಹೆಚ್ಚು ಕಡಿಮಿ ಈ ಒಂದು ಜಾಗದಾಗೇ ಅದ.

ನೊಗ ಯಾಕ ಸೋಲ್ತದ

ಸಾದಾ ಡಿಫರೆನ್ಶಿಯಲ್‌ಗೆ ಒಂದು ಊನ ಅದ. ಬಂಡಿ ನೊಗ ನೆನಸ್ಕೊರಿ. ನಡುವ ಕಟ್ಟಿರ್ತದ, ಎರಡು ತುದಿಗೆ ಎರಡು ಎತ್ತು. ಬಂಡಿ ಎಳೀಬೇಕಂದ್ರ ಎರಡೂ ಸಮ ಎಳೀಬೇಕು. ಎಡಗಡಿ ಎತ್ತಿನ ಕಾಲು ಕೆಸರಾಗ ಜಾರಿತು ಅನ್ರಿ, ಬಲಗಡಿ ಎತ್ತು ಎಷ್ಟ ಗಟ್ಟಿ ಇದ್ರೂ ಏನೂ ಆಗೂದಿಲ್ಲ, ನೊಗ ಓರೆ ಆಗ್ತದ ಅಷ್ಟ, ಬಂಡಿ ಅಲ್ಲೇ ನಿಲ್ತದ. ಗಟ್ಟಿ ಎತ್ತಿನ ಬಲ, ಜಾರೋ ಎತ್ತಿನ ಬಲದಷ್ಟಕ್ಕೇ ಇಳೀತದ.

ಡಿಫರೆನ್ಶಿಯಲ್ ತಿರುಗೋ ನೊಗ ಇದ್ದಂಗ. ಎರಡೂ ಕಡಿ ಸಮ ಬಲ ಕೊಡ್ತದ, ಒಂದು ಗಾಲಿ ಕೆಸರಾಗ ಗರಗರ ತಿರುಗ್ಲಾಕತ್ತಿತಂದ್ರ ಇನ್ನೊಂದಕ್ಕೂ ಅಷ್ಟೇ ಚೂರು ಬಲ. ಇಂಥಾ ಸಾದಾ ಡಿಫರೆನ್ಶಿಯಲ್ ಮೂರು ಹಾಕಿ ನಾಕು ಗಾಲಿ ಗಾಡಿ ಮಾಡಿದ್ರ ಒಂದು ಗಾಲಿ ಜಾರಿದ್ರೂ ನಾಕೂ ಕೈ ಎತ್ತತಾವ. ಅಂದ್ರ ಎರಡೇ ಗಾಲಿ ಎಳಿಯೋ ಗಾಡಿಗಿಂತ ಕಡಿಮಿ! ಹಂಗಾಗಿ ಎಂಜಿನಿಯರ್‌ಗಳ ತಲಿ ಕೆಲಸ ಎಲ್ಲಾ ನಡೆದದ್ದು ಒಂದೇ ಪ್ರಶ್ನೆ ಮ್ಯಾಲ, ತಿರುವಿನ್ಯಾಗ ನೊಗ ಸಡಲ ಇರ್ಬೇಕು, ಜಾರಿದಾಗ ಬಿಗಿ ಆಗ್ಬೇಕು, ಎರಡನ್ನೂ ಹೆಂಗ ಕೂಡ್ಸೋದು?

ಆದ್ರ ನಾಕು ಗಾಲಿ ಯಾಕ ಬೇಕು, ಎರಡು ಸಾಲೂದಿಲ್ಲೇನು?

ಒಂದು ಲೆಕ್ಕ ಮಾಡೋಣು. 1,800 ಕೆ.ಜಿ. ಗಾಡಿ, ಎಂಜಿನ್ ಟಾರ್ಕ್ ಅಂದ್ರ ತಿರುಚೋ ಬಲ 500 ನ್ಯೂಟನ್ ಮೀಟರ್ ಅನ್ರಿ. ಒಂದನೇ ಗಿಯರ್‌ನ್ಯಾಗ ಗಿಯರ್ ಬಾಕ್ಸು, ಡಿಫರೆನ್ಶಿಯಲ್ ಎರಡೂ ಕೂಡಿ ಅದನ್ನ ಸುಮಾರು 13 ಪಟ್ಟು ಮಾಡ್ತಾವ ಅಂತ ಹಿಡಿದ್ರ ಗಾಲಿಗೆ 6,500 ಆಯ್ತು. ಗಾಲಿ ತ್ರಿಜ್ಯ 33 ಸೆಂ.ಮೀ. ಅಂದ್ರ ರೋಡಿನ ಮ್ಯಾಲ ಬೀಳೋ ನೂಕು ಹೆಚ್ಚು ಕಡಿಮಿ 2,000 ಕೆ.ಜಿ. ತೂಕದಷ್ಟು.

ಟೈರ್ ಇದನ್ನ ತಡೀತದೇನು? ಹಿಂದಿನ ಎರಡು ಗಾಲಿ ಮ್ಯಾಲ ಅರ್ಧ ತೂಕ, 900 ಕೆ.ಜಿ. ಒಣಾ ಟಾರ್‌ನ್ಯಾಗ ಒಳ್ಳೆ ಟೈರ್ ತನ್ನ ಮ್ಯಾಲಿನ ತೂಕದ ಮುಕ್ಕಾಲಿಗಿಂತ ಸ್ವಲ್ಪ ಹೆಚ್ಚು, ನೂರಕ್ಕ ತೊಂಬತ್ತು ಅನ್ನೋಣು, ಅಷ್ಟು ಹಿಡೀತದ. ಅಂದ್ರ 810. ಮಳ್ಯಾಗ ನೂರಕ್ಕ ಅರವತ್ತು ಅಂದ್ರ 540. ಎಂಜಿನ್ ಕೊಡೋದು 2,000, ಗಾಲಿ ತಡಿಯೋದು 540, ಉಳಿದದ್ದು ಗಾಲಿ ಜಾರೋದ್ರಾಗ ಹೋಗ್ತದ, ಇಲ್ಲಾ ಗಾಲಿ ಜಾರದಂಗ ನೋಡೋ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನೇ ಅದುಮಿ ಹಿಡೀತದ. ನಾಕೂ ಗಾಲಿಗೆ ಹಂಚಿದ್ರ ಅದೇ ಮಳ್ಯಾಗ 1,080 ಆಗ್ತದ, ಡಬಲ್. ರೋಡ್ ಎಷ್ಟ ಕೆಟ್ಟದ್ದೋ ಅಷ್ಟ ಈ ಡಬಲ್‌ಗೆ ಬೆಲಿ.

ಮತ್ತೊಂದದ. ನಿಂತ ಬಸ್ಸು ಒಮ್ಮೆಲೆ ಹೊಂಟ್ರ ನಿಂತವ್ರೆಲ್ಲ ಹಿಂದಕ್ಕ ವಾಲ್ತಾರಲ್ರಿ, ಹಂಗೇ ಕಾರಿನ ತೂಕ ಸುದ್ದಾ ಎಕ್ಸಲರೇಟರ್ ಒತ್ತಿದಾಗ ಹಿಂದಿನ ಗಾಲಿ ಮ್ಯಾಲ ಹೋಗ್ತದ. ಮುಂದಿನ ಗಾಲಿ ಎಳಿಯೋ ಗಾಡಿಗೆ ಇದು ನುಕ್ಸಾನ, ಎಳಿಯೋ ಹೊತ್ತಿಗೇ ಮುಂದ ಹಗುರ ಆಗ್ತದ. ಪವರ್ ಹೆಚ್ಚಿದ್ದ ಸೆಡಾನ್‌ಗಳು ಹಿಂದಿನ ಗಾಲಿ ಇಲ್ಲಾ ನಾಕೂ ಗಾಲಿ ಅಂತ ಹೋಗೋದಕ್ಕ ಒಂದು ದೊಡ್ಡ ಕಾರಣ ಇದು.

ಇದು ಎಲ್ಲಿಂದ ಬಂತು

ಸಾದಾ ರೋಡಿನ ಕಾರಿಗೆ ನಾಕು ಗಾಲಿ ಬಲ ಮೊದಲ ಕೊಟ್ಟವ್ರು ಆಡಿಯವ್ರಲ್ಲ. 1966ರಾಗ ಇಂಗ್ಲೆಂಡಿನ ಜೆನ್ಸನ್ ಎಫ್‌ಎಫ್ ಬಂದಿತ್ತು, ಅದರಾಗ ಜಾರದ ಬ್ರೇಕೂ ಇತ್ತು, ಆದ್ರ ತುಟ್ಟಿ ಗಾಡಿ, ತಯಾರಾದದ್ದು ಕಡಿಮಿ. 1972ರಾಗ ಜಪಾನಿನ ಸುಬಾರು ಲಿಯೋನ್ ವ್ಯಾಗನ್ ಬಂತು.

ಆಡಿ ಕಥಿ ಶುರು ಆಗಿದ್ದು ಫಿನ್‌ಲ್ಯಾಂಡಿನ ಹಿಮದಾಗ. 1976-77ರ ಚಳಿಗಾಲದ ಟೆಸ್ಟಿಂಗ್‌ನ್ಯಾಗ ಯೋರ್ಗ್ ಬೆನ್ಸಿಂಗರ್ ಅನ್ನೋ ಎಂಜಿನಿಯರ್ ಒಂದು ಮಾತು ಗಮನಿಸಿದ. ಮಿಲಿಟರಿಗೆ ಮಾಡಿದ ಇಲ್ಟಿಸ್ ಅನ್ನೋ ಸಣ್ಣ ಜೀಪು, ಬರೇ 75 ಹಾರ್ಸ್ ಪವರ್, ಅದಕ್ಕಿಂತ ಎಷ್ಟೋ ಜೋರಿನ ಕಾರನ್ನ ಹಿಮದಾಗ ಹಿಂದ ಹಾಕ್ಲಾಕತ್ತಿತ್ತು. ಇದನ್ನ ಕಾರಿಗೆ ಯಾಕ ಹಾಕಬಾರ್ದು ಅಂದ. 1980ರ ಜಿನೀವಾ ಶೋದಾಗ ಆಡಿ ಕ್ವಾಟ್ರೋ ಬಂತು.

ಅದರೊಳಗಿನ ಕೆಲಸ ನನಗ ಇವತ್ತಿಗೂ ಭಾಳ ಸೇರ್ತದ. ಜೀಪಿಗೆ ಗಿಯರ್ ಬಾಕ್ಸ್ ಪಕ್ಕಕ್ಕ ಬಲಾನ ಮುಂದ ಹಿಂದ ಹಂಚೋ ಒಂದು ದಪ್ಪ ಪೆಟ್ಟಿಗಿ, ಟ್ರಾನ್ಸ್‌ಫರ್ ಕೇಸ್ ಇರ್ತದ, ತೂಕ ಹೆಚ್ಚು, ಗಾಡಿ ಎತ್ತರ ಮಾಡಬೇಕು. ಆಡಿಯವ್ರು ಗಿಯರ್ ಬಾಕ್ಸಿನ ಒಂದು ಶಾಫ್ಟನ್ನೇ ಟೊಳ್ಳು ಮಾಡಿದ್ರು, ಸುಮಾರು 26 ಸೆಂ.ಮೀ. ಉದ್ದದ ಪೈಪಿನಂಗ. ಬಲ ಆ ಪೈಪಿನ ಹೊರಗಿಂದ ಹಿಂದಕ್ಕ ಸೆಂಟರ್ ಡಿಫರೆನ್ಶಿಯಲ್‌ಗೆ ಹೋಗ್ತದ, ಅಲ್ಲಿ ಎರಡು ಪಾಲಾಗಿ ಒಂದು ಹಿಂದಿನ ಗಾಲಿಗೆ, ಇನ್ನೊಂದು ಅದೇ ಪೈಪಿನ ಒಳಗಿಂದ ಹೊಳ್ಳಿ ಮುಂದಕ್ಕ. ಟ್ರಾನ್ಸ್‌ಫರ್ ಕೇಸೇ ಬ್ಯಾಡಾಯ್ತು. ಮುಂದ ರ‍್ಯಾಲಿಗಳಾಗ ಗೆದ್ದದ್ದು ಇದೇ ಗಾಡಿ, 1981ರಾಗ ಇಟಲಿಯ ಸಾನ್ರೆಮೊ ರ‍್ಯಾಲಿ ಗೆದ್ದ ಮಿಶೆಲ್ ಮೂಟೊನ್, ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಒಂದು ಸುತ್ತು ಗೆದ್ದ ಮೊದಲ ಹೆಣ್ಮಗಳು. 1986ರಾಗ ಆಡಿ 100 ಸೆಡಾನ್ ಒಂದನ್ನ ಫಿನ್‌ಲ್ಯಾಂಡಿನ ಕೈಪೊಲಾದ ಸ್ಕೀ ಜಂಪಿನ ಇಳಿಜಾರು ಹತ್ತಿಸಿ ಜಾಹೀರಾತು ಮಾಡಿದ್ರು, ಮಾವ ನೋಡಿದ ಎ6 ಆ 100ರ ವಂಶದ್ದೇ.

ಒಂದೇ ಮಾತು, ಒಳಗ ಬ್ಯಾರೆ ಬ್ಯಾರೆ ಮಷಿನ್

ಮೊದಲನೇದು ಪೂರಾ ಕಬ್ಬಿಣದ್ದು. ಹಳೇ ಕ್ವಾಟ್ರೋದ ಟಾರ್ಸೆನ್ ಡಿಫರೆನ್ಶಿಯಲ್ ಇದಕ್ಕ ಛಲೋ ಉದಾಹರಣಿ, 1980ರ ದಶಕದ ಕೊನಿಗೆ ಬಂತು. ಗ್ಯಾರೇಜಿನ್ಯಾಗ ರೇಡಿಯೇಟರ್ ಪೈಪಿಗೆ ಹಾಕೋ ಹೋಸ್ ಕ್ಲಿಪ್ ನೋಡೀರಲ್ಲ, ಸ್ಕ್ರೂ ತಿರುಗ್ಸಿದ್ರ ಪಟ್ಟಿ ಬಿಗಿ ಆಗ್ತದ, ಆದ್ರ ಪಟ್ಟಿ ಎಷ್ಟ ಜಗ್ಗಿದ್ರೂ ಸ್ಕ್ರೂ ತಿರುಗೂದಿಲ್ಲ. ಟಾರ್ಸೆನ್‌ನ್ಯಾಗ ಇದೇ ನಮೂನಿ ಸ್ಕ್ರೂ ಗಿಯರ್ ಇರ್ತಾವ. ತಿರುವಿನ್ಯಾಗ ಸಣ್ಣ ಫರಕ್‌ಗೆ ಬಿಡ್ತಾವ, ಒಂದು ಕಡಿ ಜಾರ್ಲಾಕ ಹೊಂಟ್ರ ಆ ತಿಕ್ಕಾಟದಿಂದನೇ ಬಿಗಿ ಆಗಿ ಬಲ ಇನ್ನೊಂದು ಕಡಿ ತಳ್ಳತಾವ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಕಾಯೋ ಮಾತೇ ಇಲ್ಲ. ಮೊದಲ ಮುಂದ ಹಿಂದ ಸಮ ಸಮ ಹಂಚ್ತಿತ್ತು, ಆಮ್ಯಾಲ ಮುಂದ 40, ಹಿಂದ 60 ಮಾಡಿದ್ರು, 2010ರ ನಂತರ ಕೆಲವು ಮಾಡೆಲಿಗೆ ಟಾರ್ಸೆನ್ ಬದಲಿ ಹಗುರಾದ ಕ್ರೌನ್ ಗಿಯರ್ ಡಿಫರೆನ್ಶಿಯಲ್ ಬಂತು. ಆದ್ರ ಟಾರ್ಸೆನ್ ಮಾಡೋದು ಗುಣಾಕಾರ, ಜಾರೋ ಕಡಿ ಇರೋ ಬಲಾನ ಇಷ್ಟು ಪಟ್ಟು ಮಾಡಿ ಇನ್ನೊಂದು ಕಡಿ ಕೊಡ್ತದ, ಹಂಗಾಗಿ ಒಂದು ಕಡಿ ಗಾಲಿ ಗಾಳ್ಯಾಗ ಎದ್ದು ಬಲ ಸೊನ್ನೆ ಆದ್ರ ಸೊನ್ನೇನ ಎಷ್ಟಕ್ಕ ಗುಣಿಸಿದ್ರೂ ಸೊನ್ನೆ. ಆಗ ಕಂಪ್ಯೂಟರ್ ಆ ಗಾಲಿಗೆ ಬ್ರೇಕ್ ಹಿಡಿದು ಸುಳ್ಳ ಭಾರ ಹುಟ್ಟಿಸ್ತದ.

ಎರಡನೇದು ಕ್ಲಚ್ಚಿಂದು. 2003ರಾಗ ಬಂದ ಎಕ್ಸ್‌ಡ್ರೈವ್ ಹಿಂಗದ. ಗಾಡಿ ಬುಡದಾಗ ಹಿಂದಿನ ಗಾಲಿದೇ, ಗಿಯರ್ ಬಾಕ್ಸ್ ಹಿಂದ ಎಣ್ಯಾಗ ಮುಳುಗಿದ ಕ್ಲಚ್ ಪ್ಲೇಟುಗಳ ಸಾಲು, ಒಂದು ಸಣ್ಣ ಎಲೆಕ್ಟ್ರಿಕ್ ಮೋಟರ್ ಅದನ್ನ ಒತ್ತಿದಷ್ಟು ಬಲ ಮುಂದಿನ ಗಾಲಿಗೆ ಹೋಗ್ತದ. ರೊಟ್ಟಿ ಗಂಟಿನ ಮ್ಯಾಲ ಕೈ ಇಟ್ಟಂಗ, ಹಗುರ ಒತ್ತಿದ್ರ ರೊಟ್ಟಿ ಒಂದರ ಮ್ಯಾಲ ಒಂದು ಜಾರ್ತಾವ, ಗಟ್ಟಿ ಒತ್ತಿದ್ರ ಎಲ್ಲಾ ಕೂಡಿ ಒಂದೇ ಆಗ್ತಾವ. ಮರ್ಸಿಡೀಸ್ ಇ ಕ್ಲಾಸಿನ ಫೋರ್‌ಮ್ಯಾಟಿಕ್‌ನ್ಯಾಗ ಇವೆರಡರ ನಡುವಿನ ದಾರಿ, ಮುಂದ 45 ಹಿಂದ 55 ಹಂಚೋ ಗಿಯರೂ ಅದ, ಅದರ ಜೋಡಿ ಯಾವಾಗ್ಲೂ ಸ್ವಲ್ಪ ಬಿಗಿ ಇರೋ ಕ್ಲಚ್ಚೂ ಅದ.

ಮೂರನೇದು ಎಂಜಿನ್ ಅಡ್ಡ ಕೂಡ್ಸಿದ ಗಾಡಿಗೆ. ಮಾಮೂಲಾಗಿ ಮುಂದಿನ ಗಾಲಿ ಎಳೀತಾವ, ಹಿಂದಿನ ಡಿಫರೆನ್ಶಿಯಲ್ ಮುಂದ ಒಂದು ಹಾಲ್ಡೆಕ್ಸ್ ಕ್ಲಚ್ ಕುಂತಿರ್ತದ, ಬೇಕಾದಾಗ ಹಿಂದಿನದನ್ನ ಜೋಡಿಸ್ತದ. ಈಗಿನ ಎಲೆಕ್ಟ್ರಿಕ್ ಸೆಡಾನ್‌ಗಳಾಗಂತೂ ನಡುವ ಶಾಫ್ಟೇ ಇಲ್ಲ. 2024ರಾಗ ಭಾರತಕ್ಕ ಬಂದ ಬಿಎಂಡಬ್ಲ್ಯೂ ಐ5 ಎಂ60 ಎಕ್ಸ್‌ಡ್ರೈವ್‌ನ್ಯಾಗ ಮುಂದೊಂದು ಹಿಂದೊಂದು ಮೋಟರ್, ಕೂಡಿ 601 ಹಾರ್ಸ್ ಪವರ್. ಹಂಚೋ ಕೆಲಸ ಪೂರಾ ಕಂಪ್ಯೂಟರಿಂದು.

ಇಲ್ಲೊಂದು ಎಚ್ಚರ ಅದ ನೋಡ್ರಿ. ಎ6 ಅಂದ್ರ ಎಲ್ಲಾ ಕ್ವಾಟ್ರೋ ಅಲ್ಲ. 2019ರಾಗ ಭಾರತಕ್ಕ ಬಂದ ಎ6 ಪೆಟ್ರೋಲ್ ಗಾಡಿ ಮುಂದಿನ ಎರಡು ಗಾಲಿ ಮ್ಯಾಲೇ ಓಡ್ತದ. ಅದಕ್ಕ ಬ್ಯಾಡ್ಜ್ ನಂಬಬ್ಯಾಡ್ರಿ, ಬ್ಯಾಡ್ಜ್ ನೂರು ರೂಪಾಯಿಗೆ ಸಿಗ್ತದ. ಗಾಡಿ ಲಿಫ್ಟ್ ಮ್ಯಾಲ ಎತ್ತಿಸಿ ಹಿಂದ ಡಿಫರೆನ್ಶಿಯಲ್ ಅದನೋ ಇಲ್ಲೋ ಕಣ್ಣಾರೆ ನೋಡ್ರಿ.

ಸ್ಟಿಯರಿಂಗ್ ಹಿಡಿದಾಗ ಏನನಿಸ್ತದ

ಟೈರಿನ ಗ್ರಿಪ್ ದಿನದ ಪಗಾರ ಇದ್ದಂಗ. ನೂರು ರೂಪಾಯಿ ಪಗಾರದಾಗ ಎಂಬತ್ತು ಎಳಿಯೋದಕ್ಕ ಖರ್ಚಾದ್ರ ತಿರುಗೋದಕ್ಕ ಉಳಿಯೋದು ಕಡಿಮಿ. ಹಿಂದಿನ ಗಾಲಿ ಗಾಡ್ಯಾಗ ತಿರುವಿನ ನಡುವ ಜೋರು ಒತ್ತಿದ್ರ ಹಿಂದಿನ ಟೈರಿನ ಪಗಾರ ಮುಗಿದು ಹಿಂಭಾಗ ಹೊರಗ ಬೀಸ್ತದ. ಮುಂದಿನ ಗಾಲಿ ಗಾಡ್ಯಾಗ ಮುಂದಿನದು ಮುಗಿದು, ಸ್ಟಿಯರಿಂಗ್ ತಿರುಗ್ಸಿದ್ರೂ ಗಾಡಿ ಸೀದಾ ಹೋಗ್ತದ. ನಾಕು ಗಾಲ್ಯಾಗ ಎಳಿಯೋ ಖರ್ಚು ನಾಕು ಮನಿಗೆ ಹಂಚಿ ಹೋಗೋದ್ರಿಂದ ಪ್ರತಿಯೊಂದು ಟೈರಿಗೂ ತಿರುಗ್ಲಾಕ ಹೆಚ್ಚು ಉಳೀತದ. ಹುಮನಾಬಾದ್ ರೋಡಿನ್ಯಾಗ ಮಳಿ ಹೊತ್ತಿಗೆ ಲಾರಿ ಓವರ್‌ಟೇಕ್ ಮಾಡುವಾಗ ಈ ಗಾಡಿ ಹಿಂಗ ತಡವರಿಸದೇ ಹೋಗ್ತದಲ್ಲ, ಆ ಧೈರ್ಯ ಇದರಿಂದ ಬರ್ತದ.

ಆದ್ರ ನಾಕೂ ಗಾಲಿ ಎಳಿದ ಮಾತ್ರಕ್ಕ ಎಲ್ಲಾ ಗಾಡಿ ಒಂದೇ ಥರ ಓಡೂದಿಲ್ಲ, ಎಂಜಿನ್ ಎಲ್ಲಿ ಕುಂತದ ಅನ್ನೋದೂ ಅಷ್ಟೇ ಮುಖ್ಯ. ಆಡಿಯಾಗ ಎಂಜಿನ್ ಬಹುಪಾಲು ಮುಂದಿನ ಗಾಲಿ ಗೆರಿಗಿಂತ ಮುಂದ, ಮೂಗು ಭಾರ. ತಿರುವಿಗೆ ಜೋರು ಹೋದ್ರ ಮೊದಲ ಮುಂದಿನ ಟೈರ್ ಸೋತು ಗಾಡಿ ಹೊರಗಿನ ಕಡಿ ತಳ್ಳತದ, ಅದಕ್ಕ ಅಂಡರ್‌ಸ್ಟಿಯರ್ ಅಂತಾರ. 2007ರ ಎ5 ಇಂದ ಡಿಫರೆನ್ಶಿಯಲ್ಲನ್ನ ಮುಂದಕ್ಕ ತಂದು ಮುಂದಿನ ಗಾಲಿ ಸುಮಾರು 15 ಸೆಂ.ಮೀ. ಮುಂದ ಸರಿಸಿದ್ರು, ಎಂಜಿನ್ ಭಾರ ಅಷ್ಟು ಹಿಂದ ಬಂದಂಗಾಯ್ತು. ಬಿಎಂಡಬ್ಲ್ಯೂನ್ಯಾಗ ಎಂಜಿನ್ ಹಿಂದಕ್ಕ ಕುಂತದ, ಹಿಂದ ಮುಂದ ತೂಕ ಹತ್ತತ್ರ ಸಮ, ಹಂಗಾಗಿ ಮೂಗು ಜಲ್ದಿ ತಿರುಗ್ತದ, ಹಿಂದಿನಿಂದ ತಳ್ಳಿದ ಅನುಭವ ಆಗ್ತದ. ಹೈವೇದಾಗ ಗಂಟೆಗಟ್ಲೆ ಒಂದೇ ನಮೂನಿ ಹೋಗೋರಿಗೆ ಆಡಿ ಭಾರಿ ನಿರಾಳ, ತಿರುವು ಆಡ್ಬೇಕನ್ನೋರಿಗೆ ಇನ್ನೊಂದು. ಎರಡಕ್ಕೂ 50 ರಿಂದ 100 ಕೆ.ಜಿ. ಹೆಚ್ಚಿನ ತೂಕ, ಮೈಲೇಜ್ ಸ್ವಲ್ಪ ಕಡಿಮಿ.

ಇದರ ಕೈಲಿ ಆಗದ್ದು

ಬ್ರೇಕ್ ಎಲ್ಲಾ ಕಾರಿಗೂ ನಾಕು ಗಾಲಿಗೇ ಇರ್ತಾವ. ಹಂಗಾಗಿ ನಿಲ್ಲೋದ್ರಾಗ ಕ್ವಾಟ್ರೋದಿಂದ ಒಂದು ಗೇಣೂ ಲಾಭ ಇಲ್ಲ. ಇದು ಭಾಳ ಮುಖ್ಯದ ಮಾತು ಯಾಕಂದ್ರ ಅಪಾಯ ಇರೋದೇ ಇಲ್ಲಿ. ಮೊದಲ ಮಳಿ ಬಿದ್ದ ದಿನ ರೋಡಿನ ಮ್ಯಾಲಿನ ಎಣ್ಣಿ, ಧೂಳು ಕೂಡಿ ಜಾರ್ತಿರ್ತದ, ಟ್ರ್ಯಾಕ್ಟರ್‌ಗಳು ಹೊಲದಿಂದ ಎರಿ ಮಣ್ಣು ಹೊತ್ತು ತಂದು ಟಾರಿಗೆ ಹಚ್ಚಿರ್ತಾವ. ಸಾದಾ ಗಾಡಿ ಹೊಂಡುವಾಗ ಗಾಲಿ ಜಾರಿ ಡ್ರೈವರಿಗೆ ರೋಡ್ ಕೆಟ್ಟದ ಅಂತ ಹೇಳ್ತದ. ನಾಕು ಗಾಲಿ ಗಾಡಿ ಸುಮ್ನ ಹೊಂಡ್ತದ, ಏನೂ ಹೇಳೂದಿಲ್ಲ, 100 ಸ್ಪೀಡಿಗೆ ಹೋದ ಮ್ಯಾಲ ಬ್ರೇಕ್ ಒತ್ತಿದಾಗ್ಲೇ ಗೊತ್ತಾಗೋದು.

ಇನ್ನ ಹೊಲದ ಮಾತು. ನಮ್ಮ ಎರಿ ಮಣ್ಣು ನೀರು ಕುಡಿದು ಉಬ್ಬೋ ಮಣ್ಣು, ಬ್ಯಾಸಿಗ್ಯಾಗ ಬಿರುಕು ಬಿಟ್ಟು ಮಳಿಗಾಲದಾಗ ಅಂಟಿನಂಗ ಆಗ್ತದ. ಹೈವೇ ಟೈರಿನ ಸಣ್ಣ ಗೆರಿಗಳಾಗ ಅದು ತುಂಬಿತಂದ್ರ ಟೈರ್ ಬೋಳಾಗ್ತದ, ಆಮ್ಯಾಲ ಎರಡಲ್ಲ ನಾಕೂ ಗಾಲಿ ಕೂಡೇ ತಿರುಗ್ತಾವ, ಹೊಟ್ಟಿ ಮಣ್ಣಿಗೆ ಕುಂದ್ರತದ. ಟ್ರ್ಯಾಕ್ಟರ್ ಟೈರಿಗೆ ಅಷ್ಟ ದೊಡ್ಡ ಹಲ್ಲು ಯಾಕಿರ್ತಾವ ಅಂದ್ರ ಇದಕ್ಕೇ. ಮಾವಗ ಸೀದಾ ಹೇಳಿದೆ, ಮಳಿಗಾಲದಾಗ ಹೊಲದ ದಾರಿಗೆ ಇದು ಬ್ಯಾಡ, ಟಾರ್ ರೋಡಿನ ಮಗ್ಗಲದ ಹಸಿ ಮಣ್ಣಿಗೆ ಎರಡು ಗಾಲಿ ಇಳಿದಾಗ ಹತ್ತಿ ಬರ್ಲಾಕ ಮಾತ್ರ ಭಾಳ ಉಪಯೋಗ.

ತರೋಕಿಂತ ಮೊದಲ ನೋಡೋದು

ಟೈರ್ ನಾಕೂ ಒಂದೇ ಕಂಪನಿ, ಒಂದೇ ಸೈಜ್, ಹೆಚ್ಚು ಕಡಿಮಿ ಒಂದೇ ಸವಕಳಿ ಇರ್ಬೇಕು. ಹಿಂದ ಎರಡು ಹೊಸಾ, ಮುಂದ ಎರಡು 5 ಮಿ.ಮೀ. ಸವೆದದ್ದು ಅನ್ರಿ. ಹೊಸಾ ಟೈರ್ ಕಿಲೋಮೀಟರಿಗೆ ಸುಮಾರು 482 ಸುತ್ತು ಹಾಕಿದ್ರ ಸವೆದದ್ದು 490 ಹಾಕ್ತದ. ಹೈದ್ರಾಬಾದಿಂದ ಕಲಬುರಗಿಗೆ ಬರೋದ್ರಾಗ ಒಂದೂವರೆ ಸಾವಿರಕ್ಕಿಂತ ಹೆಚ್ಚು ಸುತ್ತಿನ ಫರಕ್, ಅಷ್ಟನ್ನೂ ಸೆಂಟರ್ ಡಿಫರೆನ್ಶಿಯಲ್ ಇಲ್ಲಾ ಕ್ಲಚ್ ಪ್ಲೇಟ್ ತಿಕ್ಕಿಸ್ಕೊಂಡು ಬರ್ಬೇಕು. ಪಂಕ್ಚರ್ ಆಗಿ ಒಂದೇ ಟೈರ್ ಬದಲಿಸೋ ನಮ್ಮ ಚಾಳಿ ಈ ಗಾಡಿಗೆ ನಡಿಯೂದಿಲ್ಲ. ಟ್ರಾನ್ಸ್‌ಫರ್ ಕೇಸ್ ಇದ್ರ ಅದು, ಹಿಂದಿನ ಡಿಫರೆನ್ಶಿಯಲ್ಲು, ಹಾಲ್ಡೆಕ್ಸ್ ಇದ್ರ ಅದು, ಇವಕ್ಕೆಲ್ಲ ಬ್ಯಾರೆ ಬ್ಯಾರೆ ಎಣ್ಣಿ, ಯಾವಾಗ ಬದಲಿಸ್ಯಾರ ಅಂತ ಸರ್ವಿಸ್ ಬಿಲ್ ಕೇಳ್ರಿ. ಗಾಡಿ ಬಂದ್ ಬಿದ್ರ ಮುಂದಿನ ಗಾಲಿ ಎತ್ತಿ ಹಿಂದಿನದನ್ನ ನೆಲಕ್ಕ ಉರುಳಿಸ್ಕೊಂತ ಎಳೀಬಾರ್ದು, ನಾಕೂ ಗಾಲಿ ಮ್ಯಾಲ ಇರೋ ಫ್ಲಾಟ್‌ಬೆಡ್ ಲಾರಿನೇ ಕರೀಬೇಕು.

ಮಾವ ಬರೋ ಐತವಾರ ಮತ್ತ ಹೋಗೋರು ಅದಾರ, ಈ ಸಲ ನಾನೂ ಜೋಡಿ ಹೊಂಟೀನಿ. ಮೊದಲ ಖಾಲಿ ಜಾಗದಾಗ ಸ್ಟಿಯರಿಂಗ್ ಪೂರ್ತಿ ತಿರುಗ್ಸಿ, ನಡಿಗಿ ಸ್ಪೀಡಿನ್ಯಾಗ, ಎಡಕ್ಕ ಎರಡು ಬಲಕ್ಕ ಎರಡು ಸುತ್ತು ಹಾಕ್ತೀವಿ, ಕಿಟಕಿ ತೆರೆದು, ಎಸಿ, ಹಾಡು ಎರಡೂ ಬಂದ್ ಮಾಡಿ. ಗಾಡಿ ಯಾರೋ ಹಿಂದಿಂದ ಹಿಡಿದು ಜಗ್ಗಿದಂಗ ತಡದು ತಡದು ಹೋದ್ರ ಒಳಗ ನೊಗ ಬಿಗಿದು ಕುಂತದ ಅಂತ ಲೆಕ್ಕ, ಕೆಳಗ ಕಟ್ ಕಟ್ ಅಂದ್ರ ಜಾಯಿಂಟ್ ಹೋಗ್ಯಾವ. ಸುಮ್ನ ಹಗುರಾಗಿ ತಿರುಗಿತಂದ್ರ ಅಷ್ಟೊತ್ತಿಗೆ ಲಿಫ್ಟ್ ಇರೋ ಗ್ಯಾರೇಜ್ ಕಡಿ ಹೋಗಿ ಕೆಳಗಿಂದ ನೋಡ್ತೀವಿ.